ಮನೆಯ ಸೀರೆ, ಸಂತೆಯ ಸೀರೆ

ಅವರ ಮುಂದಿನ ಹಲ್ಲೊಂದರ ಅಂಚಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ದಾರವನ್ನು ಬಾಯಿಗೆ ಒಯ್ದರೆ ಅದು ತಾನಾಗಿ ಆ ಕಚ್ಚಿನಲ್ಲಿ ಕೂರುತ್ತಿತ್ತು. ತಲೆಯನ್ನು ತುಸು ಓರೆ ಮಾಡಿದರೆ ತುಂಡಾಗುತ್ತಿತ್ತು. ಕತ್ತರಿ ಮುಟ್ಟದೆ ನಲವತ್ತು ವರ್ಷ ಹೊಲಿದವರ ಹಲ್ಲು ಅದು. ಎಡಗೈಯ ತೋರುಬೆರಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಉಂಗುರದಂತೆ ತೊಟ್ಟಿರುತ್ತಿದ್ದರು. ಊಟಕ್ಕೆ ಕೂರುವಾಗ ಅದನ್ನು ಕಳಚಿದರೆ ಬೆರಳಿನ ತುದಿ ಹಾಗಲಕಾಯಿಯ ಮೈಯಂತೆ ಗಂಟುಗಂಟಾಗಿ ಕಾಣುತ್ತಿತ್ತು.

ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಕೌದಿ ಆಯಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ಹೆಸರು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಇಲ್ಲಿ ಬರೆಯುವ ಅಧಿಕಾರ ನನಗಿದೆ ಎಂದು ಅನ್ನಿಸುತ್ತಿಲ್ಲ. ಕಮತಗಿಯ ಕಡೆಯವರು. ಮನೆಯಲ್ಲಿ ಕುರಿಗಳಿದ್ದವು, ಮಗ ಅವುಗಳನ್ನು ನೋಡಿಕೊಳ್ಳುತ್ತಿದ್ದ. ಹಣೆಗೆ ಬೀರಪ್ಪನ ಭಂಡಾರ ಹಚ್ಚಿಕೊಂಡು, ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಗಂಟು ಇಟ್ಟುಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಒಂದು ಬೇವಿನ ಮರವಿತ್ತು. ಅದರ ನೆರಳಿನಲ್ಲಿ ತಳದ ಸೀರೆಯನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಅದರ ಮೇಲೆ ತುಂಡುಗಳನ್ನು ಪದರ ಪದರವಾಗಿ ಹರಡಿ, ಅಂಚಿನಿಂದ ಒಳಕ್ಕೆ ಸುತ್ತುತ್ತ, ಹಾಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು. ನೆರಳು ಸರಿದಂತೆ ಕೌದಿಯೂ ಅವರೂ ಸರಿಯುತ್ತಿದ್ದರು.

ಎರಡು ಗಂಟು ಎಂದೆನಷ್ಟೆ. ಅವರ ಕಸುಬೆಲ್ಲ ಆ ಎರಡು ಗಂಟುಗಳ ಮೇಲೆ ನಿಂತಿತ್ತು. ತಲೆಯ ಮೇಲಿನದು ಸಂತೆಯ ಗಂಟು. ಸ್ಟೀಲ್ ಪಾತ್ರೆ ಕೊಟ್ಟು ಹಳೆಯ ಬಟ್ಟೆ ಒಯ್ಯುವ ಹೆಂಗಸರು ಮನೆಮನೆಯಿಂದ ಕೂಡಿಸಿದ್ದು ಕೊನೆಗೆ ಸಂತೆಯಲ್ಲಿ ರಾಶಿಯಾಗಿ ಬೀಳುತ್ತದೆ. ಆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದು ಸೀರೆಯನ್ನೂ ಕೆನ್ನೆಗೆ ಒತ್ತಿ ನೋಡಿ ಆರಿಸುತ್ತಿದ್ದರು. ತಂದದ್ದನ್ನು ಸೋಡಾ ಹಾಕಿ ಕುದಿಸಿ, ಎರಡು ಬಿಸಿಲು ಒಣಗಿಸುತ್ತಿದ್ದರು. ಕಂಕುಳಲ್ಲಿದ್ದುದು ಮನೆಯ ಗಂಟು. ತೀರಿಕೊಂಡ ತಾಯಿಯ, ಅತ್ತೆಯ ಸೀರೆಗಳನ್ನು ಮನೆಯವರೇ ಕೊಟ್ಟು, ಇವುಗಳ ಕೌದಿ ಮಾಡಿಕೊಡು ಎಂದದ್ದು. ಈ ಗಂಟಿನ ಬಟ್ಟೆ ಆ ಗಂಟಿಗೆ ಎಂದೂ ಸೋಕುತ್ತಿರಲಿಲ್ಲ. ಕೌದಿ ಒಪ್ಪಿಸುವಾಗ ಉಳಿದ ಚೂರು, ಕುಪ್ಪಸದ ಹುಕ್ಕು, ಸೆರಗಿನ ಗಂಟಿನಲ್ಲಿ ಸಿಕ್ಕ ಅಡಿಕೆಯ ಹೋಳು, ಇವೆಲ್ಲವನ್ನೂ ಚಿಕ್ಕ ಬಟ್ಟೆಯಲ್ಲಿ ಕಟ್ಟಿ ಮರಳಿಸುತ್ತಿದ್ದರು.

“ಅಡಿಕಿ ಹೋಳು ಯಾಕ ಆಯಿ, ಒಗದಬಿಡು,” ಎಂದು ಯಾರೋ ಒಮ್ಮೆ ನಕ್ಕಾಗ ಅವರು ನಗಲಿಲ್ಲ. “ನನಗ ಕೊಟ್ಟದ್ದು ಹೊಲ್ಯಾಕ್ರಿ, ಒಗ್ಯಾಕಲ್ಲ,” ಎಂದಿದ್ದರು.

ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸ್ವಇಚ್ಛೆಯಿಂದ ನಿವೃತ್ತಿ ಪಡೆದವಳು. ಕೆಂಪು ಶಾಯಿಯ ಪೆನ್ನನ್ನು ಮನೆಗೆ ಬಂದ ಮೇಲೂ ಕೆಳಗಿಡಲಿಲ್ಲ. ತಪ್ಪನ್ನು ಕಂಡ ಕೂಡಲೇ ತಿದ್ದಬೇಕು, ತಡ ಮಾಡಿದರೆ ಅದೇ ರೂಢಿಯಾಗುತ್ತದೆ ಎಂದು ಪ್ರತಿ ವರ್ಷ ಮೊದಲ ದಿನದ ಪಾಠದಲ್ಲಿಯೇ ಹೇಳುತ್ತಿದ್ದೆ. ಆಯಿ ನನಗಾಗಿ ಮೊದಲ ಕೌದಿ ಹೊಲಿಯುತ್ತಿದ್ದಾಗ ನಾನು ಅಳತೆಪಟ್ಟಿ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಒಂದು ಸಾಲು ನಡುವೆ ಬಾಗಿತ್ತು, ಅಲ್ಲಿ ಹೊಲಿಗೆಗಳು ಒತ್ತೊತ್ತಾಗಿದ್ದವು.

“ಆಯಿ, ಈ ಸಾಲು ಸೊಟ್ಟ ಆಗೇತಿ. ಬಿಚ್ಚು.”

ಅವರು ಮರುಮಾತಿಲ್ಲದೆ ಬಿಚ್ಚಿದರು. ಒಂದು ತಾಸಿನ ಕೆಲಸ. ಮತ್ತೆ ಹೊಲಿದರು. ಮತ್ತೆ ಅಲ್ಲಿಯೇ ಬಾಗಿತು, ಅಲ್ಲಿಯೇ ಒತ್ತಾಯಿತು.

“ಅಕ್ಕೋರ, ಇಲ್ಲಿ ಕೈ ಇಡ್ರಿ,” ಎಂದು ನನ್ನ ಬೆರಳನ್ನು ಹಿಡಿದು ಬಟ್ಟೆಯ ಮೇಲೆ ಆಡಿಸಿದರು. “ಈ ಜಾಗಾದಾಗ ಸೀರಿ ಸವದೈತಿ. ಉಟ್ಟಾಕಿ ದಿನಾ ಇಲ್ಲೇ ಸೊಂಟಕ್ಕ ಸಿಗಿಸ್ಯಾಳ. ಸವದಲ್ಲಿ ಒತ್ತಿ ಹೊಲೀಬೇಕ್ರಿ. ನಿಮ್ಮ ಪಟ್ಟಿಗೆ ಅದು ಕಾಣಂಗಿಲ್ಲ.”

ನಾನು ಒಪ್ಪಿದೆನೆಂದು ಬರೆದರೆ ಸುಳ್ಳಾಗುತ್ತದೆ. ಅಳತೆಪಟ್ಟಿಯನ್ನು ಒಳಗಿಟ್ಟು ಬಂದೆ, ಅಷ್ಟೆ. ಆದರೆ ಅಂದಿನಿಂದ ಮಧ್ಯಾಹ್ನದ ಚಹಾ ಅವರೊಂದಿಗೆ ಬೇವಿನ ಕೆಳಗೇ ಆಗತೊಡಗಿತು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅವರು ಯಾರ ಕೌದಿಯೋ ಆ ಮನೆಯ ಬಾಗಿಲಿಗೆ ಹೋಗಿ, “ಒಂದ ಚೂರು ರೊಟ್ಟಿ ಕೊಡ್ರಿ, ಕೌದಿಗೆ ಉಣಸ್ತೇನಿ,” ಎಂದು ಕೇಳುತ್ತಿದ್ದರು. ಚೂರನ್ನು ಮೂಲೆಯೊಳಗಿಟ್ಟು ಹೊಲಿದುಬಿಡುತ್ತಿದ್ದರು. ಹಸಿದ ಕೌದಿಯ ಮೇಲೆ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಇರುವೆಗಳು ಬರುತ್ತವೆ ಎಂದು ನಾನು ಆಕ್ಷೇಪಿಸಿದೆ. “ಬರ್ಲಿ ಬಿಡ್ರಿ, ಅವೂ ಮಲಗ್ತಾವು,” ಎಂದರು.

ನನ್ನ ಮಗಳ ಮದುವೆ ಇಳಕಲ್ಲಿನ ಮನೆತನಕ್ಕೆ ಆಗಿತ್ತು. ತಲೆಮಾರುಗಳಿಂದ ಮಗ್ಗ, ಸೀರೆ ಎಂದೇ ಬಾಳಿದವರು. ಮಾತುಕತೆಯ ದಿನಗಳಲ್ಲಿ, ನಾವೇನೂ ಕಡಿಮೆಯಲ್ಲ ಎಂದು ತೋರಿಸುವ ಚಪಲಕ್ಕೆ, ನನ್ನ ಅಜ್ಜಿಯ ಇಳಕಲ್ಲ ಸೀರೆಗಳು ಇನ್ನೂ ಟ್ರಂಕಿನಲ್ಲಿವೆ ಎಂದು ಬೀಗತಿಯ ಮುಂದೆ ಹೇಳಿಕೊಂಡಿದ್ದೆ. ಇರಲಿಲ್ಲ. ಅಚ್ಚುಕಟ್ಟು ನನ್ನ ವ್ಯಸನ. ಮನೆ ಬದಲಿಸಿದ ವರ್ಷ ಆ ಏಳು ಸೀರೆಗಳನ್ನು ಪಾತ್ರೆಯವಳಿಗೆ ಕೊಟ್ಟು, ಮುಚ್ಚಳವಿರುವ ದೊಡ್ಡದೊಂದು ಸ್ಟೀಲ್ ಡಬ್ಬಿಯನ್ನು ಪಡೆದಿದ್ದೆ. ಅದರಲ್ಲಿ ಜೋಳದ ಹಿಟ್ಟು ಹಾಕಿಡುತ್ತೇನೆ.

ಮಗಳು ಹೆರಿಗೆಗೆ ಬಂದಾಗ ಬೀಗತಿ ಫೋನಿನಲ್ಲಿ ನೆನಪಿಸಿದರು. “ಕೂಸಿನ ಕೌದಿಗೆ ನಿಮ್ಮ ಅಜ್ಜಿ ಸೀರೀನ ಹಾಕಸ್ರಿ. ತುಂಬು ಬಾಳೇ ಮಾಡಿದಾಕಿ ಉಟ್ಟದ್ದು, ಕೂಸಿಗೆ ಚೊಲೋ.” ನಮ್ಮ ಕಡೆ ಹೊಸ ಬಟ್ಟೆಯನ್ನು ಕೂಸಿನ ಮೈಗೆ ತಾಗಿಸುವುದಿಲ್ಲ; ಹಿರಿಯರು ಉಟ್ಟು ಮೆತ್ತಗಾದದ್ದೇ ಆಗಬೇಕು. ನಾನು ಆಗಲಿ ಎಂದೆ. ಇಲ್ಲ ಎನ್ನಲು ಅರ್ಧ ನಿಮಿಷ ಸಾಕಾಗಿತ್ತು.

ಮರುದಿನ ಆಯಿಗೆ, ಸಂತೆಯ ರಾಶಿಯಲ್ಲಿ ಕೆಂಪು ಸೆರಗಿನ ಇಳಕಲ್ಲ ಸೀರೆಗಳನ್ನು ಆರಿಸಿ ತರಲು ಹೇಳಿದೆ. ಕಾರಣವನ್ನೂ ಹೇಳಿದೆ. ಅವರಿಂದ ಮುಚ್ಚಿಡಬೇಕೆಂದು ತೋಚಲಿಲ್ಲ.

“ಸಂತಿ ಸೀರೀನ ಅಜ್ಜಿ ಸೀರಿ ಅಂತ ಯಾಕ ಹೇಳ್ತೀರಿ ಅಕ್ಕೋರ? ಸಂತೀದಂತ ಹೇಳ್ರಿ. ಅದನ್ನೂ ಯಾರೋ ಅಜ್ಜೀನ ಉಟ್ಟಿರ್ತಾಳ.”

“ಅವರು ದೊಡ್ಡ ಮಂದಿ ಆಯಿ. ನಿನಗ ತಿಳ್ಯಾಂಗಿಲ್ಲ.”

“ತಿಳ್ಯಾಂಗಿಲ್ಲ ಖರೆ. ಆದ್ರ ಕೂಸಿಗೆ ಗೊತ್ತಾಗೂದು ಮೆತ್ತಗ ಐತ್ಯೋ ಇಲ್ಲೋ, ಅದೊಂದ.”

ಹದಿನೈದು ದಿನ ಹೊಲಿದರು. ದಾಳಿಂಬೆಯ ಬಣ್ಣ, ಗಿಳಿಹಸಿರು, ನಡುವೆ ಕೆಂಪು ಸೆರಗಿನ ತುಂಡುಗಳು. ಅಷ್ಟು ಸಣ್ಣ ಹೊಲಿಗೆಯನ್ನು ಅವರ ಕೈಯಲ್ಲಿ ನಾನು ಮೊದಲು ಕಂಡಿರಲಿಲ್ಲ.

ತೊಟ್ಟಿಲು ಹಾಕುವ ದಿನ ಮನೆ ತುಂಬಿತ್ತು. ಇಳಕಲ್ಲಿನಿಂದ ಬೀಗರು, ನಮ್ಮ ಓಣಿಯ ಹೆಂಗಸರು. ಹೊಲಿದವರೇ ಮೊದಲು ಕೌದಿಯನ್ನು ತೊಟ್ಟಿಲಿಗೆ ಹಾಸಬೇಕೆಂದು ಆಯಿಯನ್ನೂ ಕರೆಸಿದ್ದೆವು. ಅವರು ತೊಳೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಕೌದಿಯನ್ನು ಬಿಚ್ಚಿ ತೊಟ್ಟಿಲಿಗೆ ಹಾಸುತ್ತಿದ್ದಾಗ ಬೀಗತಿ ಬಾಗಿ, ಕೆಂಪು ಸೆರಗು ಮೈಗೆ ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸಿದರು. ಕೈಮಗ್ಗದ ಇಳಕಲ್ಲ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕೂಡಿದ ಗೆರೆ ಬೆರಳಿಗೆ ಸಿಗುತ್ತದೆ. ಆ ಊರಿನ ಸೀರೆಯ ಬಗ್ಗೆ ಆ ಊರಿನವರೆದುರು ಸುಳ್ಳು ಹೇಳಿದ್ದೆ ನಾನು.

“ಅಲ್ರಿ ಬೀಗರ, ಇವು ನಿಮ್ಮ ಅಜ್ಜಿ ಸೀರಿ ಅಂದಿದ್ರಲ್ಲ?”

“ಹೌದ್ರಿ.”

“ಕೊಂಡಿನ ಇಲ್ಲ ಇದರಾಗ. ಮಷಿನ್ ಮಗ್ಗದ್ದು. ಇಂಥಾವು ಬಂದು ಭಾಳ ವರ್ಷ ಆಗಿಲ್ಲ. ನಿಮ್ಮ ಅಜ್ಜಿ ಹೋಗಿ ಎಷ್ಟ ವರ್ಷ ಆತು?”

ಮಗಳು ಕೂಸನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನಾನು ಹೇಳಿದ ಮಾತನ್ನು ಒಂದಕ್ಷರವೂ ಬದಲಿಸದೆ ಬರೆಯುತ್ತೇನೆ. “ನಾ ಅಜ್ಜಿ ಸೀರೀನ ಕೊಟ್ಟಿದ್ದೆ. ಈಕಿ ಏನ ಮಾಡ್ಯಾಳೋ ಯಾರಿಗ್ಗೊತ್ತು.”

ಆಯಿಯ ಕೈಯಲ್ಲಿ ಕೌದಿಯ ಒಂದು ಮೂಲೆ ಇನ್ನೂ ಇತ್ತು. ಅವರು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಬಟ್ಟೆಯ ಸವೆದ ಜಾಗವನ್ನು ಹುಡುಕುವಾಗ ನೋಡುತ್ತಿದ್ದರಲ್ಲ, ಹಾಗೆ. ಅನಂತರ ಮಗಳನ್ನು ನೋಡಿದರು. ಮೂಲೆಯನ್ನು ನೀಟಾಗಿ ತೊಟ್ಟಿಲ ಅಂಚಿಗೆ ಸಿಕ್ಕಿಸಿದರು.

“ಹೌದ್ರಿ ಯವ್ವಾ. ಗಂಟು ಅದಲಬದಲ ಆಗೇತಿ. ನಂದ ತಪ್ಪು,” ಎಂದರು.

“ಅದಲಬದಲ ಆಗ್ತಾವ, ಯಾಕ ಆಗಂಗಿಲ್ಲ,” ಎಂದರು ಬೀಗತಿ. “ಕೈಮಗ್ಗದ್ದಕ್ಕ ಈಗ ಗಿರಾಕಿ ಭಾಳ ಅದಾರಲ್ಲ.” ಯಾರೋ ಕಿಸಕ್ಕೆಂದರು. ಮತ್ತೊಬ್ಬರು, “ಅಕ್ಕೋರಂಥಾ ಅಕ್ಕೋರಿಗೇ ಟೋಪಿ ಹಾಕ್ಯಾಳ ನೋಡ್ರಿ ಮುದುಕಿ,” ಎಂದರು. ಆಯಿ ಹೊರಡುವಾಗ ಹೋಳಿಗೆ ಕಟ್ಟಿಕೊಟ್ಟೆ. ಅದನ್ನು ಅವರು ಬೇಡವೆನ್ನದೆ ತೆಗೆದುಕೊಂಡರು.

ಒಂದು ಸುಳ್ಳಿನಿಂದ ಏನು ಹೋಗುತ್ತದೆ ಎಂಬುದು ಮೂರನೆಯ ದಿನವೇ ಗೊತ್ತಾಯಿತು. ಎದುರು ಮನೆಯ ಹೆಣ್ಣುಮಗಳು ತನ್ನ ತೀರಿಕೊಂಡ ಅತ್ತೆಯ ಆರು ಸೀರೆಗಳನ್ನು ಆಯಿಗೆ ಕೊಟ್ಟಿದ್ದಳು. ತೊಟ್ಟಿಲಿನ ದಿನ ನಮ್ಮ ಮನೆಯಲ್ಲಿದ್ದವಳು. ಬೇವಿನ ಕೆಳಗೆ ಹೋಗಿ ನಿಂತು, “ಆಯಿ, ನಮ್ಮ ಅತ್ತಿ ಸೀರಿ ತಿರುಗಿ ಕೊಡು. ಕೌದಿ ಸದ್ಯ ಬ್ಯಾಡ,” ಎಂದಳು. ಎರಡನ್ನು ಆಯಿ ಆಗಲೇ ಜೋಡಿಸಿ ಹೊಲಿದಿದ್ದರು. ಕುಳಿತು, ಒಂದೊಂದೇ ದಾರವನ್ನು ಎಳೆದು, ಬಿಡಿಸಿ, ಮಡಿಚಿ, ಆರನ್ನೂ ಮುಂದಿಟ್ಟರು. ಆ ಹೆಣ್ಣುಮಗಳು ಪ್ರತಿಯೊಂದು ಸೆರಗಿನ ಮೇಲೂ ಹೆಬ್ಬೆರಳು ಆಡಿಸಿ ನೋಡಿದಳು. ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಅದನ್ನು ಕೊನೆಯವರೆಗೂ ನೋಡಿದೆ. ಹೊರಗೆ ಹೋಗಲು ಹದಿನೈದು ಹೆಜ್ಜೆ.

ಎರಡು ತಿಂಗಳೊಳಗೆ ಕಂಕುಳಿನ ಗಂಟು ಬರಿದಾಯಿತು. ಕೊಟ್ಟವರು ಹಿಂದಕ್ಕೆ ಪಡೆದರು, ಹೊಸದಾಗಿ ಯಾರೂ ಕೊಡಲಿಲ್ಲ. ಸಂತೆಯ ಬಟ್ಟೆಯ ಕೌದಿಗೆ ಈ ಓಣಿಯಲ್ಲಿ ಗಿರಾಕಿಗಳು ಕಡಿಮೆ. ಅವರು ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತುಹೋಯಿತು. ಕಮತಗಿಯಲ್ಲಿ ರಸ್ತೆಯ ಪಕ್ಕ ಹಗ್ಗ ಕಟ್ಟಿ, ಸಂತೆಯ ಬಟ್ಟೆಯ ಕೌದಿಗಳನ್ನು ತೂಗುಹಾಕಿ ಲಾರಿಯವರಿಗೆ ಮಾರುತ್ತಿದ್ದಾರೆ ಎಂದು ಆ ಊರಿನಿಂದ ಬರುವ ಕಾಯಿಪಲ್ಯದವಳು ಹೇಳಿದಳು.

ಒಂದು ವರ್ಷ ಕಳೆದ ಮೇಲೆ ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ನಾನು ನೋಡದವಳಂತೆ ಸರಿಯುವುದರೊಳಗೆ ಅವರೇ ಕರೆದರು.

“ಕೂಸು ಹೆಂಗೈತ್ರಿ ಅಕ್ಕೋರ? ಕೌದಿ ಮ್ಯಾಲ ಮಲಗತೈತೇನ್ರಿ?”

ಮಲಗುತ್ತದೆ ಎಂದೆ. ನಿಜವೇ. ಅಂಗಡಿಯ ಮೆತ್ತನೆಯ ಹೊದಿಕೆಗಳನ್ನೆಲ್ಲ ಅದು ಒದ್ದು ಸರಿಸುತ್ತಿತ್ತು. ಅವರ ಪಕ್ಕದಲ್ಲಿ ಕುಳಿತು, ತಲೆ ತಗ್ಗಿಸಿ ಕೇಳಿದೆ. “ಆಯಿ, ಆವತ್ತ ನೀ ಯಾಕ ಹೂಂ ಅಂದಿ?”

“ತೊಟ್ಟಲಾ ಮುಂದಿಟ್ಟಕೊಂಡು ಬೀಗರು ಜಗಳಾಡಬಾರ್ದ್ರಿ. ಮಗಳು ಆ ಮನ್ಯಾಗ ಬಾಳೇ ಮಾಡಬೇಕು. ನಾ ಏನ, ಸಂಜಿ ಬಸ್ಸಿಗೆ ಹೋಗಾಕಿ.” ಟ್ಯೂಬಿನ ಉಂಗುರವನ್ನು ಬೆರಳಿನಲ್ಲಿ ತಿರುಗಿಸಿದರು. “ಆಮ್ಯಾಲ ನೀವು ಖರೆ ಹೇಳ್ತೀರಿ ಅಂತ ತಿಳಕೊಂಡಿದ್ದೆ.”

ಅದರಲ್ಲಿ ಆರೋಪದ ದನಿ ಇರಲಿಲ್ಲ. ಹೋಮ್‌ವರ್ಕ್ ಇನ್ನೂ ಬಂದಿಲ್ಲ ಎಂದು ನಾವು ಹೇಳುತ್ತೇವಲ್ಲ, ಅಷ್ಟು ಸಾಧಾರಣವಾಗಿ ಹೇಳಿದ್ದರು.

“ಹೇಳ್ತೇನಿ ಆಯಿ. ಖರೆ ಹೇಳ್ತೇನಿ.”

“ಹೇಳ್ರಿ,” ಎಂದು ಅವರು ಬಸ್ಸಿಗೆ ಎದ್ದರು.

ಹೇಳಲಿಲ್ಲ. ಯುಗಾದಿ ಮುಗಿಯಲಿ ಎಂದೆ, ಅಳಿಯನ ಹೊಸ ಅಂಗಡಿಯ ಪೂಜೆಯಾಗಲಿ ಎಂದೆ, ಮಗಳ ಎರಡನೆಯ ಹೆರಿಗೆಯಾಗಲಿ ಎಂದೆ. ಸಾವಿರಾರು ಮಕ್ಕಳನ್ನು ಸಣ್ಣಸಣ್ಣ ತಪ್ಪುಗಳಿಗೆ ಬಾಗಿಲ ಹೊರಗೆ ನಿಲ್ಲಿಸಿದವಳು ನನ್ನದನ್ನು ಮೂರು ವರ್ಷ ಹೀಗೆ ಮುಂದೂಡಿದೆ.

ಕಳೆದ ಚಳಿಗಾಲದಲ್ಲಿ ಕಾಯಿಪಲ್ಯದವಳೇ ಸುದ್ದಿ ತಂದಳು. ಆಯಿ ತೀರಿಕೊಂಡಿದ್ದರು. ಎದೆನೋವು, ಒಂದೇ ದಿನ. ಮೂರನೆಯ ದಿನ ಕಮತಗಿಗೆ ಹೋದೆ. ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಕುಳಿತಿದ್ದರು. ಕುರಿಗಳ ಹಟ್ಟಿಯ ಮುಂದೆ ಹಗ್ಗಕ್ಕೆ ಒಂದು ಕೌದಿ ಇನ್ನೂ ತೂಗುತ್ತಿತ್ತು. ನಾನು ಕೂರಲಿಲ್ಲ. ನಿಂತೇ, ಎಲ್ಲರಿಗೂ ಕೇಳುವಂತೆ, ಪಾಠ ಹೇಳುವ ದನಿಯಲ್ಲಿ ಹೇಳಿದೆ: ಅವರು ನನ್ನ ಸೀರೆ ಕದ್ದಿರಲಿಲ್ಲ, ನಾನು ಕೊಟ್ಟೇ ಇರಲಿಲ್ಲ, ಸುಳ್ಳು ನನ್ನದು.

ಆಯಿಯ ಸೊಸೆ ಒಳಗಿನಿಂದ ಚರಿಗೆಯಲ್ಲಿ ನೀರು ತಂದು ನನ್ನ ಮುಂದಿಟ್ಟಳು.

“ಇದು ನಮಗ ಗೊತ್ತಿದ್ದದ್ದ ಐತ್ರಿ ಅಕ್ಕೋರ,” ಎಂದಳು. “ಇಲ್ಲಿ ಯಾಕ ಹೇಳ್ತೀರಿ? ನಿಮ್ಮ ಓಣ್ಯಾಗ ಹೇಳ್ರಿ.”

ಬಸ್ಸಿನಲ್ಲಿ ಕುಳಿತೇ ಇಳಕಲ್ಲಿಗೆ ಫೋನ್ ಮಾಡಿದೆ. ಬೀಗತಿ ಪೂರ್ತಿ ಕೇಳಿಸಿಕೊಂಡು, “ಆ ಹೆಣ್ಣಮಗಳಿಗೆ ನಾನೂ ಹಗರ ಮಾತಾಡಿದ್ನೆಲ್ರಿ,” ಎಂದಷ್ಟೇ ಹೇಳಿ ಇಟ್ಟರು. ಮಗಳ ಬಾಳುವೆಗೆ ಏನೂ ಆಗಲಿಲ್ಲ. ನಾನು ಮೂರು ವರ್ಷ ಹೆದರಿದ್ದು ಅವಳಿಗಾಗಿ ಅಲ್ಲ ಎಂಬುದು ಅಂದು ನನಗೆ ಸ್ಪಷ್ಟವಾಯಿತು.

ಮರುದಿನ ನಮ್ಮ ಓಣಿಯ ಹನ್ನೊಂದು ಮನೆಗಳ ಬಾಗಿಲಿಗೂ ಹೋದೆ. ಒಳಗೆ ಬರ್ರಿ ಎಂದರೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಕೆಲವರಿಗೆ ನೆನಪೇ ಇರಲಿಲ್ಲ. ಒಬ್ಬರು, “ಸತ್ತಾಕಿದು ಈಗ್ಯಾಕ ತಗೀತೀರಿ, ಬಿಡ್ರಿ,” ಎಂದು ನನ್ನನ್ನೇ ಸಮಾಧಾನಪಡಿಸಿದರು. ಆ ಸಮಾಧಾನವನ್ನು ನಾನು ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬಾರದು.

ಎದುರು ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಆ ಹೆಣ್ಣುಮಗಳು ಕೈಯಲ್ಲಿ ಲಟ್ಟಣಿಗೆ ಹಿಡಿದೇ ಕೇಳಿದಳು. ಕೇಳಿ ಮುಗಿದ ಮೇಲೆ ಒಳಗೆ ಹೋದಳು. ನನಗೆ ಬಾಗಿಲು ಹಾಕಿಕೊಳ್ಳುತ್ತಾಳೆ ಎನಿಸಿತು. ಅವಳು ಅತ್ತೆಯ ಆರು ಸೀರೆಗಳನ್ನು ತಂದು ಹೊಸ್ತಿಲ ಮೇಲಿಟ್ಟಳು. ಅಂದು ತಂದವಳು ಯಾರ ಕೈಗೂ ಕೊಟ್ಟಿರಲಿಲ್ಲ. ಎರಡರ ಅಂಚಿನಲ್ಲಿ ಆಯಿ ಬಿಚ್ಚಿದ ಹೊಲಿಗೆಯ ತೂತುಗಳು ಸಾಲಾಗಿ ಹಾಗೆಯೇ ಉಳಿದಿದ್ದವು.

“ಇವನ್ನ ಈಗ ಯಾರ ಕಡೆ ಕೊಡ್ಲಿ ಅಕ್ಕೋರ?” ಎಂದು ಕೇಳಿದಳು. “ನಿಮಗ ಯಾರರ ಗೊತ್ತದಾರೇನು?”

ನಾನು ಅವಳ ಹೊಸ್ತಿಲ ಹೊರಗೆ ನಿಂತೇ ಇದ್ದೆ. ಬಾಗಿ, ಆ ತೂತುಗಳ ಸಾಲಿನ ಮೇಲೆ ಬೆರಳು ಆಡಿಸಿದೆ.